ಜಾಕಿಂಥೋಸ್ ದ್ವೀಪದ ಮರಳು

ಗ್ರೀಸ್ ದೇಶವೆಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಅಥೆನ್ಸ್ ನಗರದ ಗುಡ್ಡದ ಮೇಲಣ ಅಮೃತಶಿಲೆಯ ದೇವಾಲಯ, ಸಾಕ್ರಟೀಸನ ವಿಷಪಾನ, ಅಲೆಗ್ಸಾಂಡರನ ದಂಡಯಾತ್ರೆ, ಇಷ್ಟೆ. ಆ ದೇಶಕ್ಕೆ ಸೇರಿದ ದ್ವೀಪಗಳ ವಿಚಾರ ಬಂದರೆ, ಪೂರ್ವದ ಈಜಿಯನ್ ಸಮುದ್ರದಲ್ಲಿರುವ ಬೋಳುಬಂಡೆಗಳೂ ಅವುಗಳ ಮೇಲಿನ ಸುಣ್ಣ ಬಳಿದ ಮನೆಗಳೂ ಚಿತ್ರಪಟಗಳ ಮೂಲಕ ಎಲ್ಲರಿಗೂ ಪರಿಚಿತವಾಗಿವೆ. ಪಶ್ಚಿಮದ ಅಯೋನಿಯನ್ ಸಮುದ್ರದ ದ್ವೀಪಗಳ ರೀತಿಯೇ ಬೇರೆ. ಅಲ್ಲಿ ಚಳಿಗಾಲದಲ್ಲಿ ಮಳೆ ಚೆನ್ನಾಗಿ ಸುರಿಯುವುದರಿಂದ ಬೆಟ್ಟಗಳು ಹಸುರಾಗಿಯೂ ಕಣಿವೆಗಳು ತೋಟಗಳಿಂದ ತುಂಬಿಯೂ ಇರುವುವು. ಆ ದ್ವೀಪಗಳಲ್ಲೊಂದಾದ ಜಾಕಿಂಥೋಸಿನಲ್ಲಿ ನಾವು ಒಂದು ಸೆಪ್ಟೆಂಬರ್ ತಿಂಗಳಿನಲ್ಲಿ ಎಂಟು ದಿನ ತಂಗಿದ್ದೆವು. ಹಳೆಯ ಕೋಟೆಯನ್ನೂ ಗುಡಿಗಳನ್ನೂ ಬೆಟ್ಟಗುಹೆಗಳನ್ನೂ ನೋಡಿ ಬರಬೇಕೆಂಬುದು ನಮ್ಮ ಉದ್ದೇಶವಾಗಿತ್ತು. ಅವೆಲ್ಲವನ್ನೂ ನೋಡಿದೆವು. ಆದರೆ ನಮ್ಮನ್ನು ಎಲ್ಲಕ್ಕಿಂತ ಹೆಚ್ಚಾಗಿ ಯೋಚನೆಗೆ ಹಚ್ಚಿದುದು ದ್ವೀಪದ ದಕ್ಷಿಣ ಕೊಲ್ಲಿಯಲ್ಲಿರುವ ಸುಮಾರು ಮೂರೂವರೆ ಮೈಲಿಯುದ್ದದ ಮರಳು. ಆ ಮರಳಿಗೆ ಹಕ್ಕುದಾರರು ಇಬ್ಬರಿರುವರು; ಅವರಲ್ಲೊಬ್ಬರು ಹಗಲು ಬರುವರು, ಮತ್ತೊಬ್ಬರು ರಾತ್ರಿ ಬರುವರು. ಆ ವಿಷಯಕ್ಕೆ ಬರುವ ಮೊದಲು ದ್ವೀಪದ ಪರಿಚಯವನ್ನು ಸ್ವಲ್ಪ ಮಾಡಿಕೊಡಬೇಕು.

ಗ್ರೀಸಿನ ದಕ್ಷಿಣ ಭಾಗವಾದ ಪೆಲೊಪೊನ್ನೀಸ್ ಎಂಬ ಪರ್ಯಾಯದ್ವೀಪದಿಂದ ಪಶ್ಚಿಮಕ್ಕೆ ಸುಮಾರು ಹನ್ನೆರಡು ಮೈಲಿ ದೂರದಲ್ಲಿ ಜಾಕಿಂಥೋಸ್ ಇರುವುದು. ಉದ್ದ ಇಪ್ಪತ್ತೈದು ಮೈಲಿ. ಅಗಲ ಹೆಚ್ಚೆಂದರೆ ಹನ್ನೆರಡು ಮೈಲಿ. ಜನಸಂಖ್ಯೆ ನಲವತ್ತು ಸಾವಿರದ ಆಸುಪಾಸು. ಅಥೆನ್ಸಿನಿಂದ ಬಸ್ಸಿನಲ್ಲಿ ಹೊರಟು ಕಿಲ್ಲೀನಿ ಎಂಬ ಸಣ್ಣ ಬಂದರನ್ನು ಸೇರಿ, ಅಲ್ಲಿಂದ ಹಡಗು ಹತ್ತಿದರೆ ಒಂದೂಕಾಲು ಗಂಟೆಯೊಳಗೆ ದ್ವೀಪವನ್ನು ಮುಟ್ಟಬಹುದು. ವಿಮಾನದಲ್ಲಿ ಬರುವವರೇ ಈಗ ಹೆಚ್ಚು. ಆದರೆ ಸಮುದ್ರದ ಮೇಲಿನಿಂದ ಊರು ಮೆಲ್ಲಮೆಲ್ಲನೆ ಕಣ್ಣಿಗೆ ಕಟ್ಟುವ ಸೊಗಸು ವಿಮಾನದವರಿಗೆ ದೊರೆಯಲಾರದು. ಮೊದಲು ನೀಲಿಯ ಬೆಟ್ಟದ ಸಾಲು, ಆಮೇಲೆ ಬೆಟ್ಟದ ನೆತ್ತಿಯಲ್ಲಿ ಕೋಟೆಯ ಗೋಡೆ, ಕಡೆಗೆ ನೀರಿನಂಚಿನಲ್ಲಿ ಎತ್ತರವಾದ ಗಂಟೆಯ ಗೋಪುರವೂ ಕೆಂಪು ಹೆಂಚಿನ ಮನೆಗಳೂ ಒಂದೊಂದಾಗಿ ಕಾಣಿಸಿಕೊಳ್ಳುವುವು.

ಈ ದ್ವೀಪದ ಹೆಸರು ಹೋಮರನ ಕಾವ್ಯಗಳೆರಡರಲ್ಲಿಯೂ ಬರುವುದು. ಕಾಡುಗಳಿಂದ ಕೂಡಿದ ಜಾಕಿಂಥೋಸ್ ಎಂದು ಕವಿಯು ಅದನ್ನು ಕರೆದಿರುವನು. ಒಡಿಸ್ಯೂಸನು ಮನೆಗೆ ಮರಳದಿರಲು, ಅವನ ಹೆಂಡತಿಯಾದ ಪೆನೆಲೊಪೆಯನ್ನು ವರಿಸಬೇಕೆಂದು ಬಂದು ಅವಳ ಮನೆಯ ದನಕುರಿಗಳನ್ನು ತಿಂದು ಕುಳಿತಿದ್ದ ರಾಜಪುತ್ರರಲ್ಲಿ ಇಪ್ಪತ್ತು ಮಂದಿ ಈ ದ್ವೀಪದವರಂತೆ. ಇದು ದ್ವೀಪಕ್ಕೆ ಕೀರ್ತಿ ತರುವ ಮಾತೇನೂ ಅಲ್ಲ. ಆದರೂ ಇಲ್ಲಿಯವರು ಅದನ್ನು ನಗುನಗುತ್ತಲೇ ಹೇಳುವರು. ಆಮೇಲಿನ ಕಾಲದಲ್ಲಿ ಬಂದ ವೆನಿಸ್ ಪಟ್ಟಣದ ವರ್ತಕರು ದ್ವೀಪಕ್ಕೆ ಜಾಂಟೆ ಎಂದು ಹೆಸರಿಟ್ಟು, ಪೂರ್ವದ ಹೂ ಎಂದು ಹೊಗಳಿದರು.

ವೆನಿಸ್ ರಾಜ್ಯದವರು 1484ರಿಂದ 1797ರವರೆಗೆ, ಎಂದರೆ ಮುನ್ನೂರಕ್ಕೂ ಹೆಚ್ಚು ವರ್ಷ ಇಲ್ಲಿ ಆಳಿದರು. ಗ್ರೀಸಿನ ಉಳಿದ ಭಾಗವೆಲ್ಲ ಬಹುಮಟ್ಟಿಗೆ ತುರ್ಕರ ಕೈಯಲ್ಲಿದ್ದಾಗ ಈ ದ್ವೀಪವು ಇಟಲಿಯ ಕಡೆಗೆ ಮುಖ ಮಾಡಿಕೊಂಡಿದ್ದುದರಿಂದ ಇಲ್ಲಿಯ ಸಂಗೀತ, ಚಿತ್ರಕಲೆ, ಅಡಿಗೆ, ಕಡೆಗೆ ಜನರ ಮಾತಿನ ಧಾಟಿಯೂ ಬೇರೆಯಾಯಿತು. 1669ರಲ್ಲಿ ಕ್ರೀಟ್ ದ್ವೀಪದ ರಾಜಧಾನಿಯು ತುರ್ಕರ ವಶವಾದಾಗ ಅಲ್ಲಿಂದ ಓಡಿಬಂದ ಚಿತ್ರಕಾರರಲ್ಲಿ ಕೆಲವರು ಇಲ್ಲಿ ನೆಲೆಸಿದರು. ಆಳುವ ಮನೆತನಗಳ ಹೆಸರುಗಳನ್ನು ಚಿನ್ನದ ಪುಸ್ತಕವೆಂಬ ಒಂದು ದಫ್ತರದಲ್ಲಿ ಬರೆದಿಡುತ್ತಿದ್ದರು. ಆ ಪುಸ್ತಕದಲ್ಲಿ ಹೆಸರಿಲ್ಲದವನಿಗೆ ಅಧಿಕಾರವೂ ಇಲ್ಲ, ಮರ್ಯಾದೆಯೂ ಇಲ್ಲ. 1797ರಲ್ಲಿ ಫ್ರೆಂಚರು ಬಂದು ವೆನಿಸ್ ರಾಜ್ಯವು ಬಿದ್ದುಹೋದಾಗ ಊರ ಜನರು ಆ ಪುಸ್ತಕವನ್ನು ಚೌಕದ ನಡುವೆ ಬೆಂಕಿಗೆ ಹಾಕಿ ಸುತ್ತಲೂ ಕುಣಿದರೆಂದು ಹೇಳುವರು. ತರುವಾಯ ರಷ್ಯರು ಮತ್ತು ತುರ್ಕರು, ಪುನಃ ಫ್ರೆಂಚರು, ಆಮೇಲೆ 1809ರಿಂದ ಇಂಗ್ಲಿಷರು ಒಬ್ಬರಾದ ಮೇಲೊಬ್ಬರು ಬಂದರು. 1864ರಲ್ಲಿ ಇಂಗ್ಲಿಷರು ಈ ದ್ವೀಪಗಳನ್ನೆಲ್ಲ ಗ್ರೀಸ್ ದೇಶಕ್ಕೆ ಒಪ್ಪಿಸಿಕೊಟ್ಟು ಹೊರಟುಹೋದರು.

ಇಷ್ಟೆಲ್ಲ ಇತಿಹಾಸವಿರುವ ಊರಿನಲ್ಲಿ ಹಳೆಯ ಮನೆಯೊಂದನ್ನು ಹುಡುಕಹೊರಟರೆ ಮಾತ್ರ ನಿರಾಶೆಯಾಗುವುದು. ಕಮಾನುಗಳಿಂದ ಕೂಡಿದ ಕೈಸಾಲೆಗಳು ಬೀದಿಯ ಎರಡು ಕಡೆಗೂ ಅಂದವಾಗಿವೆ. ಹತ್ತಿರ ಹೋಗಿ ಮುಟ್ಟಿ ನೋಡಿದರೆ ಅವು ಸಿಮೆಂಟಿನವು. 1953ನೆಯ ಇಸವಿ ಆಗಸ್ಟ್ ತಿಂಗಳ 9, 11, 12ನೆಯ ತಾರೀಖುಗಳಲ್ಲಿ ಬಂದ ಭೂಕಂಪಗಳೇ ಇದಕ್ಕೆ ಕಾರಣ. ಮೊದಲೆರಡು ನಡುಕಗಳಿಗೆ ಹೆದರಿ ಜನರು ಬಯಲಿಗೆ ಬಂದಿದ್ದುದು ಒಂದು ಪುಣ್ಯ. ಮೂರನೆಯದು ಅವೆಲ್ಲಕ್ಕಿಂತ ಪ್ರಬಲವಾದುದು. ಊರಿಗೆ ಊರೇ ಉರುಳಿತು. ಹೊತ್ತು ಅಡಿಗೆಯ ಹೊತ್ತಾಗಿದ್ದುದರಿಂದ ಒಲೆಗಳ ಕೆಂಡವು ಮುರಿದ ತೊಲೆಗಳಿಗೆ ತಗುಲಿ ಬೆಂಕಿ ಹೊತ್ತಿ, ಹಲವು ದಿನಗಳವರೆಗೆ ಉರಿಯಿತೆಂದು ಹಿರಿಯರು ಹೇಳುವರು. ಕಲ್ಲು ಬೀಳಿಸಿದುದನ್ನು ಬೆಂಕಿಯು ಬೂದಿ ಮಾಡಿತು. ಗುಡಿಗಳ ಚಿತ್ರಪಟಗಳು, ಮನೆತನಗಳ ಕಾಗದಪತ್ರಗಳು, ಪುಸ್ತಕ ಭಂಡಾರ ಎಲ್ಲವೂ ಹೋದುವು. ಪಟ್ಟಣದಲ್ಲಿ ನಿಂತು ಉಳಿದ ಕಟ್ಟಡಗಳನ್ನು ಕೈಬೆರಳಿನಲ್ಲಿ ಎಣಿಸಬಹುದು. ಅವುಗಳಲ್ಲಿ ಒಂದು ಬಂದರಿನ ಪಕ್ಕದ ಸಂತ ಡಿಯೊನೀಸಿಯೋಸನ ಗುಡಿ. ಭೂಕಂಪವನ್ನು ತಡೆಯುವಂತೆ ಐದು ವರ್ಷಗಳ ಹಿಂದಷ್ಟೆ ಅದನ್ನು ಕಟ್ಟಿದ್ದರು. ಆಫ್ರಿಕ ಖಂಡದ ನೆಲವು ಯೂರೋಪಿನ ನೆಲದ ಅಡಿಗೆ ನುಗ್ಗುತ್ತಿರುವ ಜಾಗವು ಸಮೀಪವೇ ಇರುವುದರಿಂದ ಈ ಸಮುದ್ರದಲ್ಲಿ ಭೂಮಿಯು ಎಂದೂ ಪೂರ್ಣವಾಗಿ ಸುಮ್ಮನಿರುವುದಿಲ್ಲ. ಮತ್ತೆ ಊರು ಕಟ್ಟುವಾಗ ಬೇರೆ ಕಡೆ ಕಟ್ಟಿಕೊಳ್ಳದೆ, ಹಳೆಯ ಊರಿದ್ದಲ್ಲಿಯೇ, ಹಳೆಯ ಕಮಾನುಗಳ ರೂಪವನ್ನು ಬಿಡದೆ, ಕಬ್ಬಿಣ ಹಾಕಿದ ಸಿಮೆಂಟಿನಿಂದ ಕಟ್ಟಿದ ಆ ಜನರ ಮನಸ್ಸು ನಮಗೆ ತುಂಬ ಹಿಡಿಸಿತು. ಅವಶೇಷಗಳ ಅಡಿಯಿಂದ ಹೊರತೆಗೆದ ದೇವರ ಪಟಗಳನ್ನೂ ಗೋಡೆಯ ಚಿತ್ರಗಳನ್ನೂ ಸಮುದ್ರದ ಬಳಿಯ ಚೌಕದಲ್ಲಿರುವ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿರುವರು. ಅಲ್ಲಿ ಅರ್ಧ ದಿನ ಕಳೆಯುವುದು ಅಗತ್ಯ.

ಮೇಲೆ ಹೇಳಿದ ಸಂತನು 1547ರಲ್ಲಿ ಹುಟ್ಟಿ 1622ರಲ್ಲಿ ತೀರಿಕೊಂಡವನು. ತನ್ನ ಸೋದರನನ್ನು ಕೊಂದು ಓಡಿಬಂದವನೊಬ್ಬನು, ಯಾರೆಂದು ತಿಳಿಯದೆ ಇವನ ಮಠಕ್ಕೇ ಬಂದು ಮರೆಹೊಕ್ಕಾಗ, ಸಂತನು ವಿಷಯವನ್ನೆಲ್ಲ ತಿಳಿದೂ ಅವನನ್ನು ಬಚ್ಚಿಟ್ಟು ದೋಣಿಯಲ್ಲಿ ದಾಟಿಸಿದನೆಂಬ ಕಥೆಯನ್ನು ಇಲ್ಲಿಯ ಮಕ್ಕಳೆಲ್ಲ ಬಲ್ಲರು. ದ್ವೀಪದ ಗಂಡಸರಲ್ಲಿ ಮೂವರನ್ನು ಕೂಗಿದರೆ ಒಬ್ಬನಾದರೂ ಡಿಯೊನೀಸಿಯೋಸ್ ಆಗಿರುವನೆಂದು ನಾವು ಇಳಿದುಕೊಂಡಿದ್ದ ಮನೆಯ ಯಜಮಾನಿತಿಯು ತಮಾಷೆ ಮಾಡಿದರು. ಅವರ ಗಂಡನ ಹೆಸರೂ ಅದೇ.

ಶರಣು ಬಂದವರನ್ನು ಬಚ್ಚಿಡುವ ಈ ಕಥೆಗೆ ಹತ್ತಿರದ ಕಾಲದಲ್ಲಿ ಒಂದು ಜೋಡಿ ದೊರೆತಿದೆ. ಇದು ಕಥೆಯಲ್ಲ, ನಡೆದ ಸಂಗತಿ. ಎರಡನೆಯ ಮಹಾಯುದ್ಧದಲ್ಲಿ, 1943ರಲ್ಲಿ ಇಟಲಿಯವರು ಸೋತು ಶರಣಾದ ಮೇಲೆ ಜರ್ಮನರು ದ್ವೀಪವನ್ನು ಹಿಡಿದರು. ಆಗ ಇಲ್ಲಿ 275 ಮಂದಿ ಯೆಹೂದ್ಯರಿದ್ದರು. ಅವರೆಲ್ಲರ ಹೆಸರಿನ ಪಟ್ಟಿಯನ್ನು ಕೊಡಬೇಕೆಂದು ಜರ್ಮನ್ ಅಧಿಕಾರಿಯು ನಗರಾಧ್ಯಕ್ಷನಾದ ಲೂಕಾಸ್ ಕಾರ್ರೆರನಿಗೆ ಆಜ್ಞೆ ಮಾಡಿದನು. ಪಟ್ಟಿ ಕೊಟ್ಟರೆ ಏನಾಗುವುದೆಂಬುದು ಎಲ್ಲರಿಗೂ ಗೊತ್ತಿತ್ತು. ನಗರಾಧ್ಯಕ್ಷನು ದ್ವೀಪದ ಧರ್ಮಾಧ್ಯಕ್ಷನಾದ ಕ್ರಿಸೋಸ್ತೊಮೋಸನ ಬಳಿಗೆ ಹೋದನು. ಇಬ್ಬರೂ ಆಲೋಚಿಸಿದರು. ಕಡೆಗೆ ಅಧಿಕಾರಿಯ ಕೈಗೆ ಸೇರಿದ ಪಟ್ಟಿಯಲ್ಲಿ ಇದ್ದುದು ಎರಡೇ ಹೆಸರು: ಒಂದು ಧರ್ಮಾಧ್ಯಕ್ಷನದು, ಮತ್ತೊಂದು ನಗರಾಧ್ಯಕ್ಷನದು. ಅಷ್ಟರಲ್ಲಿ ಯೆಹೂದ್ಯರೆಲ್ಲರನ್ನೂ ಬೆಟ್ಟದ ಹಳ್ಳಿಗಳಿಗೆ ಸಾಗಿಸಿ, ರೈತರ ಮನೆಗಳಲ್ಲಿ ಹಂಚಿ ಇರಿಸಲಾಗಿತ್ತು. ಹಸಿವಿನ ಕಾಲವದು, ತಮಗೇ ರೊಟ್ಟಿಗೆ ಗತಿಯಿಲ್ಲದಾಗ ಅತಿಥಿಗಳಿಗೂ ಹಂಚಿ ತಿಂದರು. ಊರಿನ ಒಬ್ಬನಾದರೂ ಬಾಯಿ ಬಿಟ್ಟಿದ್ದರೆ ಸಾಕಾಗಿತ್ತು, ಯಾರೂ ಬಿಡಲಿಲ್ಲ. 275 ಮಂದಿಯೂ ಉಳಿದುಕೊಂಡರು. ಇದೇ ಅಯೋನಿಯನ್ ಸಮುದ್ರದ ಕೋರ್ಫು ದ್ವೀಪದಿಂದ 1944ರ ಜೂನ್ ತಿಂಗಳಿನಲ್ಲಿ ಸಾವಿರದ ಐನೂರಕ್ಕೂ ಹೆಚ್ಚು ಮಂದಿಯನ್ನು ಹಡಗಿನಲ್ಲಿ ತುಂಬಿ ಆಶ್‌ವಿಟ್ಸಿಗೆ ಒಯ್ದುದನ್ನು ನೆನೆದರೆ ಈ ಎರಡು ಹೆಸರಿನ ಪಟ್ಟಿಯ ಬೆಲೆ ತಿಳಿಯುವುದು. 1953ರ ಭೂಕಂಪವಾದಾಗ ಮೊದಮೊದಲು ನೆರವಿಗೆ ಬಂದ ಹಡಗುಗಳಲ್ಲಿ ಇಸ್ರೇಲಿನವೂ ಇದ್ದುವು. 1978ರಲ್ಲಿ ಆ ದೇಶವು ಇಬ್ಬರನ್ನೂ ಧರ್ಮಾತ್ಮರೆಂದು ಗೌರವಿಸಿತು. ಯೆಹೂದ್ಯರ ಪ್ರಾರ್ಥನಾಮಂದಿರವು ಭೂಕಂಪದಲ್ಲಿ ಬಿದ್ದುಹೋಯಿತು. ಅದಿದ್ದ ಜಾಗದಲ್ಲಿ ಈಗ ಇವರಿಬ್ಬರ ಸ್ಮಾರಕಗಳು ಅಕ್ಕಪಕ್ಕದಲ್ಲಿ ನಿಂತಿವೆ. ನಾವು ಹೋದಾಗ ಅಲ್ಲಿ ಬೇರೆ ಯಾರೂ ಇರಲಿಲ್ಲ. ಕಡಲ ದಂಡೆಗೆ ಹೋಗುವ ಬಸ್ಸಿನಲ್ಲಿ ಮಾತ್ರ ನಿಲ್ಲಲೂ ಜಾಗವಿರಲಿಲ್ಲ.

ಕವಿಗಳಿಗೂ ಈ ನೆಲ ಒಳ್ಳೆಯದು. ಗ್ರೀಸಿನ ರಾಷ್ಟ್ರಗೀತೆಯನ್ನು ಬರೆದ ಡಿಯೊನೀಸಿಯೋಸ್ ಸೊಲೊಮೋಸನು 1798ರಲ್ಲಿ ಹುಟ್ಟಿದುದು ಇಲ್ಲಿಯೇ. ತಂದೆ ಶ್ರೀಮಂತ, ತಾಯಿ ಅದೇ ಮನೆಯ ಸೇವಕಿ. ಇಟಲಿಯಲ್ಲಿ ಓದಿ ಇಟಾಲಿಯನ್ ಭಾಷೆಯಲ್ಲಿಯೇ ಕವಿತೆ ಕಟ್ಟುತ್ತಿದ್ದವನು ಊರಿಗೆ ಮರಳಿದ ಮೇಲೆ ತಾಯಿಯ ಮಾತಾದ ಗ್ರೀಕನ್ನು ಹೊಸದಾಗಿ ಅಭ್ಯಾಸ ಮಾಡಿ, 1823ರಲ್ಲಿ ಊರ ಹೊರಗಿನ ಸ್ತ್ರಾನಿ ಗುಡ್ಡದ ಮೇಲೆ ಸ್ವಾತಂತ್ರ್ಯದೇವಿಯ ಮೇಲೆ 158 ಪದ್ಯಗಳ ಗೀತೆಯನ್ನು ರಚಿಸಿದನು. ಅದರ ಮೊದಲ ಎರಡು ಪದ್ಯಗಳನ್ನು ಈಗ ದೇಶವೆಲ್ಲ ಹಾಡುವುದು. ಇಟಲಿಯ ಪ್ರಸಿದ್ಧ ಕವಿಯಾದ ಊಗೋ ಫೋಸ್ಕೊಲೋ ಕೂಡ 1778ರಲ್ಲಿ ಇಲ್ಲಿಯೇ ಹುಟ್ಟಿದನು. ಮತ್ತೆಂದೂ ತನ್ನ ದ್ವೀಪವನ್ನು ಕಾಣಲಾರೆನೆಂದು ಪದ್ಯ ಬರೆದು, ಅದರಂತೆಯೇ 1827ರಲ್ಲಿ ಲಂಡನ್ನಿನ ಬಳಿ ದೇಶಭ್ರಷ್ಟನಾಗಿ ಸತ್ತನು. ಮನುಷ್ಯನ ಶರೀರರಚನೆಯನ್ನು ಕುರಿತು 1543ರಲ್ಲಿ ಮಹಾಗ್ರಂಥವನ್ನು ಅಚ್ಚು ಹಾಕಿಸಿದ ವೈದ್ಯ ವೆಸಾಲಿಯಸನು ಜೆರೂಸಲೇಮಿನ ಯಾತ್ರೆಯಿಂದ ಹಿಂದಿರುಗುವಾಗ 1564ರಲ್ಲಿ ಪ್ರಾಣ ಬಿಟ್ಟುದೂ ಈ ದ್ವೀಪದಲ್ಲಿಯೇ.

ಪಟ್ಟಣವನ್ನು ಬಿಟ್ಟು ಒಳನಾಡಿಗೆ ಹೋದರೆ ಬಯಲು ಸೀಮೆ. ಎಲ್ಲಿ ನೋಡಿದರೂ ಆಲಿವ್ ಮರಗಳು. ಕೆಲವು ಬೊಡ್ಡೆಗಳು ನಾಲ್ಕಾಳು ತಬ್ಬುವಷ್ಟು ದಪ್ಪ. ಆಲಿವುಗಳ ನಡುವೆ ದ್ರಾಕ್ಷಿಯ ತೋಟಗಳು. ಬೀಜವಿಲ್ಲದ, ಮೆಣಸಿನಕಾಳಿಗಿಂತ ತುಸು ದಪ್ಪನಾದ ಕಪ್ಪು ಒಣದ್ರಾಕ್ಷಿಯನ್ನು ಜಾಂಟೆಯ ದ್ರಾಕ್ಷಿಯೆಂದೇ ಇಂಗ್ಲಿಷ್ ದೇಶದ ಅಂಗಡಿಗಳಲ್ಲಿ ಕರೆಯುತ್ತಿದ್ದರು. ಒಂದು ಕಾಲಕ್ಕೆ ದ್ವೀಪದ ಐಶ್ವರ್ಯವೆಲ್ಲ ಅದರಿಂದಲೇ ಬರುತ್ತಿತ್ತು. ಆಗಸ್ಟಿನಲ್ಲಿ ಹಣ್ಣು ಕೊಯ್ದು ಕಣದಲ್ಲಿ ಹರಡಿ ಬಿಸಿಲಿಗೆ ಒಣಗಿಸುವರು. ಅಷ್ಟರಲ್ಲಿ ಒಂದು ಮಳೆ ಬಂದರೆ ವರ್ಷದ ಗಳಿಕೆಯೇ ಕೊಳೆಯುವುದು. ಸಸ್ಯಾಹಾರಿಗಳಾದ ನಮಗೆ ಊಟದ ಕಷ್ಟವಾಗಬಹುದೆಂಬ ಅಂಜಿಕೆಯಿತ್ತು, ಆಗಲಿಲ್ಲ. ಆಲಿವ್ ಎಣ್ಣೆಯಲ್ಲಿ ಮುಳುಗಿಸಿಟ್ಟು ಹದಮಾಡಿದ ಗಿಣ್ಣು, ಬದನೆಕಾಯಿ, ಟೊಮೇಟೊ, ರೊಟ್ಟಿ, ಜೇನು ಇವೆಲ್ಲ ಹೇರಳವಾಗಿ ದೊರೆಯುವುವು. ಜೇನಿನಲ್ಲಿ ಎಳ್ಳು ಕುದಿಸಿ ಹಲಗೆಯಾಗಿ ಕೊಯ್ದ ಪಾಸ್ತೇಲಿ ಎಂಬ ತಿಂಡಿಯು ನಮ್ಮ ಎಳ್ಳು ಚಿಕ್ಕಿಯ ಅಕ್ಕನೋ ತಂಗಿಯೋ ಇರಬೇಕು. ನಮ್ಮದಕ್ಕೆ ಬೆಲ್ಲ, ಅವರದಕ್ಕೆ ಜೇನು, ಅಷ್ಟೇ ಭೇದ.

ದಕ್ಷಿಣದ ತುದಿಯಲ್ಲಿ ಕೆರಿ ಎಂಬ ಹಳ್ಳಿಯ ಬಳಿ ಸಮುದ್ರಕ್ಕೆ ಅಂಟಿಕೊಂಡಂತೆ ಒಂದು ಜೊಂಡಿನ ಜವುಗು ಇರುವುದು. ಸಾಮಾನ್ಯವಾಗಿ ಪ್ರವಾಸಿಗಳು ಅದರ ಪಕ್ಕದಲ್ಲಿ ನಿಲ್ಲದೆಯೇ ಮುಂದಕ್ಕೆ ಹೋಗುವರು. ಆದರೆ ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಇತಿಹಾಸಕಾರನಾದ ಹೆರೊಡೊಟಸನು ಈ ದ್ವೀಪದ ಡಾಂಬರಿನ ಕೊಳಗಳನ್ನು ತನ್ನ ಕಣ್ಣಿನಿಂದಲೇ ನೋಡಿದುದಾಗಿ ಬರೆದಿರುವನು. ಕೋಲಿನ ತುದಿಗೆ ಸೊಪ್ಪಿನ ರೆಂಬೆಯನ್ನು ಕಟ್ಟಿ ಕೊಳದೊಳಕ್ಕೆ ಇಳಿಬಿಟ್ಟು, ಅದಕ್ಕೆ ಅಂಟಿಬಂದ ಡಾಂಬರನ್ನು ಕುಣಿಗೆ ಸುರಿದು, ಸಾಕಷ್ಟು ಸೇರಿದ ಮೇಲೆ ಗಡಿಗೆಗಳಿಗೆ ತುಂಬುತ್ತಿದ್ದರಂತೆ. ಹಡಗಿನ ಹಲಗೆಗಳ ಸಂದಿಗೆ ಬಳಿಯಲು ಡಾಂಬರು ಬೇಕು. ಆದ್ದರಿಂದ ನಾವಿಕರಿಗೆ ಇದು ಬೆಲೆಯುಳ್ಳ ಜಾಗವಾಗಿತ್ತು. ಎರಡು ಸಾವಿರದ ನಾನೂರು ವರ್ಷಗಳು ಕಳೆದರೂ ಇಲ್ಲಿ ನೆಲದಿಂದ ಡಾಂಬರು ಜಿನುಗುವುದು ಪೂರ್ತಿಯಾಗಿ ನಿಂತಿಲ್ಲ. ಕಟ್ಟೆ ಕಟ್ಟಿದ ಸಣ್ಣ ಬಾವಿಯೊಳಕ್ಕೆ ಜೊಂಡಿನ ಕಡ್ಡಿಯೊಂದನ್ನು ಅದ್ದಿ ಎತ್ತಿದೆವು. ತುದಿಗೆ ಕಪ್ಪಗೆ ಹೊಳೆಯುವ ಅಂಟು ಹತ್ತಿತು. ಬಹಳ ದೊಡ್ಡ ಶಿಲ್ಪವನ್ನು ನೋಡಿದಾಗಲೂ ಆಗದ ಸಂತೋಷ ನಮಗೆ ಆ ಕಡ್ಡಿಯಿಂದ ಆಯಿತೆಂದರೆ ವಾಚಕರು ನಗಬಾರದು.

ದ್ವೀಪದ ಪಶ್ಚಿಮದ ಅಂಚು ಪೂರ್ವದ ಅಂಚಿನಂತೆ ಇಳಿಜಾರಲ್ಲ; ಬೆಟ್ಟವನ್ನು ಕತ್ತಿಯಿಂದ ಕಡಿದಂತೆ ಸುಣ್ಣಕಲ್ಲಿನ ಗೋಡೆಯು ನೇರವಾಗಿ ಸಮುದ್ರಕ್ಕೆ ಇಳಿಯುವುದು. ಮನುಷ್ಯರ ಸುಳಿವಿಗೆ ಅಂಜುವ ಸಂನ್ಯಾಸಿ ಸೀಲ್ ಎಂಬ ಅಪರೂಪದ ಕಡಲಪ್ರಾಣಿಯು ಆ ಗೋಡೆಯ ಗವಿಗಳಲ್ಲಿ ಮರಿ ಹಾಕುವುದು. ಉತ್ತರದ ತುದಿಯ ನೀಲಿ ಗವಿಗಳಿಗೆ ಸಣ್ಣ ದೋಣಿಯಲ್ಲಿ ಬೆಳಗಿನ ಹೊತ್ತು ಹೋಗಬೇಕು. ನೀರೊಳಗಿನ ಬಿಳಿಯ ಕಲ್ಲಿನ ಮೇಲೆ ಬೆಳಕು ಬಿದ್ದು ಮೇಲಕ್ಕೆ ಚಿಮ್ಮುವುದರಿಂದ ಗವಿಯ ಚಾವಣಿಯೂ ನಮ್ಮ ಕೈಗಳೂ ನೀಲಿಯಾಗಿ ಕಂಡುವು. ಇನ್ನು, ಚಿತ್ರಪಟಗಳಿಂದ ಜಗತ್ತಿಗೆಲ್ಲ ಪರಿಚಿತವಾದ ಹಡಗೊಡೆದ ದಂಡೆಯ ಮಾತು. 1980ರಲ್ಲಿ ಪಾನಾಯೋತಿಸ್ ಎಂಬ ಸರಕಿನ ಹಡಗೊಂದು ಬಿರುಗಾಳಿಯಲ್ಲಿ ಇಲ್ಲಿ ಮರಳೇರಿ ನಿಂತುಹೋಯಿತು. ಕಳ್ಳಸಾಗಣೆಯ ಸಿಗರೇಟುಗಳು ಅದರಲ್ಲಿದ್ದುವೆಂದು ಹೇಳುವರು. ಆರುನೂರಕ್ಕೂ ಹೆಚ್ಚು ಅಡಿ ಎತ್ತರದ ಬಿಳಿಯ ಗೋಡೆಗಳ ನಡುವೆ, ಬಿಳಿಯ ಮರಳಿನ ಮೇಲೆ, ತುಕ್ಕು ಹಿಡಿದ ಹಡಗು: ನೋಟವು ವಿಚಿತ್ರವೇ. ಒಂದು ಕಾಲಕ್ಕೆ ದಿನಕ್ಕೆ ಸಾವಿರಾರು ಮಂದಿ ಅಲ್ಲಿ ಇಳಿಯುತ್ತಿದ್ದರು. 2018ರಲ್ಲಿ ಗೋಡೆಯ ಬಂಡೆ ಕುಸಿದು ಕೆಲವರಿಗೆ ಗಾಯವಾಯಿತು. 2022ರಲ್ಲಿ ಮತ್ತೆ ಕುಸಿಯಿತು. 2023ರಲ್ಲಿ ಅಲ್ಲಿ ಇಳಿಯುವುದನ್ನು ಸರಕಾರದವರು ನಿಷೇಧಿಸಿದರು. ನಾವು ದೂರದಿಂದ ನೋಡಿ ತೃಪ್ತರಾದೆವು. ಹಡಗಿನ ಹೆಣವನ್ನು ನೋಡಲು ಇಷ್ಟು ದೂರ ಬರುವುದೇಕೆಂದು ಜೊತೆಯವರೊಬ್ಬರು ಗೊಣಗಿದುದೂ ನಿಜ.

ಈಗ ನಮ್ಮ ಮುಖ್ಯವಾದ ವಿಷಯಕ್ಕೆ ಬರೋಣ. ದ್ವೀಪದ ದಕ್ಷಿಣದಲ್ಲಿ ಲಗಾನಾಸ್ ಎಂಬ ವಿಶಾಲವಾದ ಕೊಲ್ಲಿಯುಂಟು. ಅದರ ದಡದಲ್ಲಿ ಗೆರಾಕಾಸ್, ದಾಫ್ನಿ, ಸೆಕಾನಿಯಾ, ಕಲಾಮಾಕಿ, ಪೂರ್ವ ಲಗಾನಾಸ್ ಎಂಬ ಮರಳದಂಡೆಗಳೂ, ಕೊಲ್ಲಿಯ ನಡುವಣ ಮಾರಥೋನಿಸಿ ಎಂಬ ಕಿರುದ್ವೀಪದ ದಂಡೆಯೂ ಸೇರಿ ಆರು ಜಾಗಗಳು. ಮರಳು ಸಣ್ಣದು, ನೀರು ಆಳವಿಲ್ಲದ್ದು, ಅಲೆಗಳು ಮೃದು. ಮಕ್ಕಳನ್ನು ನೀರಿಗೆ ಬಿಡಲು ಇದಕ್ಕಿಂತ ಒಳ್ಳೆಯ ಜಾಗವನ್ನು ನಾವು ನೋಡಿಲ್ಲ. ಮೆಡಿಟರೇನಿಯನ್ ಸಮುದ್ರದ ಕಡಲಾಮೆಗಳ ಅಭಿಪ್ರಾಯವೂ ಅದೇ. ದಪ್ಪ ತಲೆಯ, ಕಂದುಬಣ್ಣದ ಚಿಪ್ಪಿನ ಈ ಆಮೆಗಳು ಇಡೀ ಮೆಡಿಟರೇನಿಯನ್ನಿನಲ್ಲಿ ಮೊಟ್ಟೆಯಿಡಲು ಆರಿಸಿಕೊಂಡಿರುವ ಅತಿ ಮುಖ್ಯವಾದ ನೆಲೆಗಳಲ್ಲಿ ಈ ಕೊಲ್ಲಿಯು ಒಂದು. ಬೇಸಗೆಯೊಂದಕ್ಕೆ ಇಲ್ಲಿ ಸಾವಿರಕ್ಕೂ ಮಿಕ್ಕ ಗೂಡುಗಳು ಆಗುವುವು.

ಹೆಣ್ಣಾಮೆಯು ಜೂನ್‌ನಿಂದ ಆಗಸ್ಟಿನವರೆಗೆ, ಕತ್ತಲಾದ ಮೇಲೆ ನೀರಿನಿಂದೆದ್ದು, ಭಾರವಾದ ಮೈಯನ್ನು ಈಜುಗಾಲುಗಳಿಂದ ಎಳೆದುಕೊಂಡು ಮರಳನ್ನು ಏರುವುದು. ಬೆಳಕು ಕಂಡರೆ, ಮನುಷ್ಯರ ಓಡಾಟ ಕೇಳಿಸಿದರೆ, ಮೊಟ್ಟೆಯಿಡದೆಯೇ ಹಿಂದಿರುಗುವುದೂ ಉಂಟು. ಎಲ್ಲವೂ ನಿಶ್ಶಬ್ದವಾಗಿದ್ದರೆ ಹಿಂಗಾಲುಗಳಿಂದ ಮೊಳದುದ್ದದ ಕುಣಿ ತೋಡಿ, ನೂರರ ಮೇಲೆ ಕೆಲವು ಮೊಟ್ಟೆಗಳನ್ನಿಟ್ಟು, ಮರಳು ಮುಚ್ಚಿ, ತಾನು ಬಂದ ಗುರುತು ತೋರದಂತೆ ಸುತ್ತಲೂ ಎರಚಿ ಹೊರಟುಹೋಗುವುದು. ಆಮೇಲೆ ತಾಯಿಗೂ ಮಕ್ಕಳಿಗೂ ಸಂಬಂಧವಿಲ್ಲ. ಕಾವು ಕೊಡುವವನು ಸೂರ್ಯನೇ. ಮರಳಿನ ಶಾಖವು 29 ಡಿಗ್ರಿ ಸೆಂಟಿಗ್ರೇಡಿನ ಸುಮಾರಿಗಿಂತ ಹೆಚ್ಚಾದರೆ ಹೆಣ್ಣುಮರಿಗಳು ಹೆಚ್ಚು, ಕಡಮೆಯಾದರೆ ಗಂಡುಮರಿಗಳು ಹೆಚ್ಚು. ಮಾರಥೋನಿಸಿಯ ಮರಳು ತಂಪಾದುದರಿಂದ ಅಲ್ಲಿ ಗಂಡುಮರಿಗಳು ಹೆಚ್ಚಾಗಿ ಹುಟ್ಟುವುವೆಂದು ಅಭ್ಯಾಸ ಮಾಡಿದವರು ಕಂಡುಕೊಂಡಿದ್ದಾರೆ. ಲೋಕದ ಶಾಖವು ಏರುತ್ತಿರುವ ಈ ದಿನಗಳಲ್ಲಿ ಇದೊಂದು ಸಣ್ಣ ಮಾತಲ್ಲ.

ಸುಮಾರು ಎರಡು ತಿಂಗಳಾದ ಮೇಲೆ, ರಾತ್ರಿಯ ತಂಪಿನಲ್ಲಿ, ಎರಡಂಗುಲದ ಮರಿಗಳು ಗುಂಪುಗುಂಪಾಗಿ ಮರಳಿನಿಂದ ಹೊರಬರುವುವು. ಅವುಗಳಿಗೆ ಗೊತ್ತಿರುವ ವಿದ್ಯೆ ಒಂದೇ: ಬೆಳಕಿರುವ ದಿಕ್ಕಿಗೆ ಹೋಗಬೇಕೆಂಬುದು. ವಿದ್ಯುದ್ದೀಪವಿಲ್ಲದ ಕಾಲದಲ್ಲಿ ರಾತ್ರಿಯ ಹೊತ್ತು ಬೆಳಕು ಕಾಣುತ್ತಿದ್ದುದು ನಕ್ಷತ್ರಗಳನ್ನು ಪ್ರತಿಬಿಂಬಿಸುವ ಸಮುದ್ರದ ಮೇಲೆ ಮಾತ್ರ. ಈಗ ದಂಡೆಯ ಹಿಂದೆ ಹೋಟೆಲುಗಳೂ ಪಾನಗೃಹಗಳೂ ಸಾಲಾಗಿ ಬೆಳಗುತ್ತಿವೆ. ಲಗಾನಾಸ್ ಹಳ್ಳಿಯಲ್ಲಿ ಒಂದು ರಾತ್ರಿ ನಡೆದು ನೋಡಿದೆವು; ಮಧ್ಯರಾತ್ರಿ ಕಳೆದರೂ ಕೆಂಪು ಹಸುರು ದೀಪಗಳು, ಕಿವಿ ಕಿವುಡಾಗುವ ವಾದ್ಯ. ದಾರಿ ತಪ್ಪಿದ ಮರಿಯು ಬೆಳಗಾಗುವುದರೊಳಗೆ ನೀರನ್ನು ಸೇರದಿದ್ದರೆ ಬಿಸಿಲಿಗೆ ಒಣಗಿಯೋ ಹಕ್ಕಿಗೆ ಸಿಕ್ಕಿಯೋ ಸಾಯುವುದು. ಸರಿಯಾದ ದಾರಿಯಲ್ಲಿ ಹೋದವುಗಳಲ್ಲಿಯೂ ಸಾವಿರಕ್ಕೆ ಒಂದು ಉಳಿದು ದೊಡ್ಡದಾದರೆ ಹೆಚ್ಚು ಎನ್ನುವರು. ಹಾಗೆ ಉಳಿದ ಹೆಣ್ಣುಮರಿಯು ಇಪ್ಪತ್ತೈದು ಮೂವತ್ತು ವರ್ಷಗಳಾದ ಮೇಲೆ, ಏಡ್ರಿಯಾಟಿಕ್ ಸಮುದ್ರದಲ್ಲಿಯೋ ಟ್ಯುನೀಸಿಯದ ಕರಾವಳಿಯಲ್ಲಿಯೋ ಮೇದು, ತಾನು ಹುಟ್ಟಿದ ಪ್ರಾಂತ್ಯಕ್ಕೇ ಮೊಟ್ಟೆಯಿಡಲು ಹಿಂದಿರುಗುವುದು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹೊನ್ನಾವರದ ಹತ್ತಿರದ ಕಾಸರಕೋಡಿನ ದಂಡೆಗೂ ಬೇರೊಂದು ಜಾತಿಯ ಕಡಲಾಮೆಗಳು ಹೀಗೆಯೇ ಬರುವುದನ್ನು ವಾಚಕರಲ್ಲಿ ಕೆಲವರು ಬಲ್ಲರು.

ಕಷ್ಟವೆಲ್ಲ ಇರುವುದು ಕಾಲದಲ್ಲಿ. ಪ್ರವಾಸಿಗಳು ಬರುವ ತಿಂಗಳುಗಳೂ ಆಮೆಗಳು ಬರುವ ತಿಂಗಳುಗಳೂ ಒಂದೇ. ದ್ವೀಪದ ಜನಸಂಖ್ಯೆಯ ಹತ್ತು ಮಡಿಗಿಂತ ಹೆಚ್ಚು ಮಂದಿ ಒಂದು ವರ್ಷದಲ್ಲಿ ಇಲ್ಲಿಗೆ ಬರುವರು. ದ್ರಾಕ್ಷಿಯ ಬೆಲೆ ಇಳಿದ ಮೇಲೆ ಊರಿನ ಜೀವನವು ಅವರಿಂದಲೇ ನಡೆಯುತ್ತಿದೆ. ಬಿಸಿಲಿಗೆ ಹಿಡಿಯುವ ಕೊಡೆಯ ಮೊನೆಯನ್ನು ಮರಳಿಗೆ ನಾಟಿದರೆ ಕೆಳಗಿನ ಗೂಡು ಹಾಳಾಗುವುದು. ಮಂಚಗಳ ಸಾಲು ಆಮೆಗೆ ಅಡ್ಡವಾಗುವುದು. ವೇಗದ ದೋಣಿಯ ತಿರುಗುಚಕ್ರವು ಚಿಪ್ಪನ್ನು ಸೀಳುವುದು. ಇದನ್ನೆಲ್ಲ ಕಂಡು 1980ರ ದಶಕದಿಂದಲೇ ಕೆಲವರು ಕೂಗೆಬ್ಬಿಸಿದರು. ಸೆಕಾನಿಯಾ ದಂಡೆಯ ಹಿಂದಿನ ಜಮೀನನ್ನು ಪ್ರಾಣಿರಕ್ಷಣೆಯ ಸಂಸ್ಥೆಯೊಂದು 1994ರಲ್ಲಿ ಕೊಂಡುಕೊಂಡಿತು. 1999ರಲ್ಲಿ ಸರಕಾರದವರು ಕೊಲ್ಲಿಯನ್ನೆಲ್ಲ ರಾಷ್ಟ್ರೀಯ ಸಮುದ್ರೋದ್ಯಾನವೆಂದು ಸಾರಿದರು. ಆದರೂ ರಕ್ಷಣೆಯು ಸಾಲದೆಂಬ ದೂರಿನ ಮೇಲೆ ಯೂರೋಪು ಒಕ್ಕೂಟದ ನ್ಯಾಯಾಲಯವು 2002ರ ಜನವರಿಯಲ್ಲಿ ಗ್ರೀಸ್ ಸರಕಾರದ ವಿರುದ್ಧ ತೀರ್ಪು ಕೊಟ್ಟಿತು.

ನಿಯಮಗಳೇನೋ ಸ್ಪಷ್ಟವಾಗಿವೆ. ಗೂಡಿನ ಕಾಲದಲ್ಲಿ ಸೂರ್ಯಾಸ್ತದಿಂದ ಬೆಳಿಗ್ಗೆ ಏಳು ಗಂಟೆಯವರೆಗೆ ದಂಡೆಯ ಮೇಲೆ ಯಾರೂ ಇರಕೂಡದು. ಕೊಡೆಯನ್ನು ನೀರಿನ ಅಂಚಿನ ಪಟ್ಟಿಯಲ್ಲಿ ಮಾತ್ರ ನೆಡಬೇಕು. ಕೊಲ್ಲಿಯ ಒಂದು ಭಾಗದಲ್ಲಿ ದೋಣಿಯೇ ಕೂಡದು. ಉಳಿದ ಭಾಗದಲ್ಲಿ ಗಂಟೆಗೆ ಆರು ನಾವಿಕ ಮೈಲಿಯ ವೇಗವನ್ನು ಮೀರಬಾರದು. ಗೆರಾಕಾಸಿನಲ್ಲಿ ಈ ನಿಯಮಗಳು ಚೆನ್ನಾಗಿ ನಡೆಯುವುದನ್ನು ನಾವು ಕಣ್ಣಾರೆ ನೋಡಿದೆವು. ದಂಡೆಗೆ ಇಳಿಯುವ ದಾರಿಯಲ್ಲಿ ಕಾವಲಿಗಿದ್ದ ಹುಡುಗಿಯೊಬ್ಬಳು ಬಂದವರಿಗೆಲ್ಲ ಸಮಾಧಾನದಿಂದ ವಿವರಿಸುತ್ತಿದ್ದಳು. ಸಂಜೆಯಾದೊಡನೆ ಬುತ್ತಿಯ ಬುಟ್ಟಿಗಳನ್ನು ಮಡಿಸಿಕೊಂಡು ಎಲ್ಲರೂ ಏಳುತ್ತಿದ್ದರು, ಗೊಣಗಿದವರು ವಿರಳ. ಆದರೆ ಕೊಲ್ಲಿಯ ಮತ್ತೊಂದು ಕಡೆ, ಹಾಡುಹಗಲಲ್ಲಿ, ಉಸಿರೆಳೆಯಲು ತಲೆಯೆತ್ತಿದ ಒಂದೇ ಆಮೆಯ ಸುತ್ತ ಏಳೆಂಟು ದೋಣಿಗಳು ಸೇರಿ, ಜನರು ಒಬ್ಬರ ಮೇಲೊಬ್ಬರು ಬಾಗಿ ಕೇಕೆ ಹಾಕುತ್ತಿದ್ದುದನ್ನೂ ದಡದಿಂದ ನೋಡಿದೆವು. ಪಾಪ, ಅದು ಮುಳುಗಿ ಬೇರೆ ಕಡೆ ಎದ್ದರೆ ಅಲ್ಲಿಗೂ ದೋಣಿಗಳು ತಿರುಗಿದುವು.

ಇದರಲ್ಲಿ ಊರವರನ್ನೇ ದೂರುವುದು ನ್ಯಾಯವಲ್ಲ. ದಂಡೆಯ ಹಿಂದೆ ಜಮೀನಿರುವ ಕುಟುಂಬಗಳು ಅದನ್ನು ಅಜ್ಜನ ಕಾಲದಿಂದ ಉತ್ತುಕೊಂಡು ಬಂದವು. ಪಕ್ಕದ ಹಳ್ಳಿಯವನು ಹೋಟೆಲು ಕಟ್ಟಿ ಹಣವಂತನಾಗುತ್ತಿರಲು, ನಿಮ್ಮ ನೆಲದಲ್ಲಿ ಮಾತ್ರ ಒಂದು ಕಲ್ಲನ್ನೂ ಇಡಕೂಡದೆಂದು ಕಾನೂನು ಹೇಳಿದರೆ, ಅದಕ್ಕೆ ತಕ್ಕ ಪರಿಹಾರವೂ ಕೈಗೆ ಬರದಿದ್ದರೆ, ಯಾರಿಗೆ ತಾನೆ ಸಿಟ್ಟು ಬಾರದು? ದಾಫ್ನಿಯಲ್ಲಿ ಅಪ್ಪಣೆಯಿಲ್ಲದೆ ಎದ್ದ ಕಟ್ಟಡಗಳ ವ್ಯಾಜ್ಯವು ಹಲವು ವರ್ಷ ಎಳೆದುದು ಹೀಗೆ. ನಮ್ಮ ಯಜಮಾನಿತಿಯ ಮೈದುನನು ಅಂಥ ಜಮೀನುದಾರರಲ್ಲೊಬ್ಬನು. ಆಮೆಯು ಮತಪತ್ರ ಹಾಕುವುದಿಲ್ಲ, ತೆರಿಗೆ ಕೊಡುವುದಿಲ್ಲ, ಆದರೂ ಸರಕಾರಕ್ಕೆ ನಮಗಿಂತ ಆಮೆಯೇ ಹತ್ತಿರವೆಂದು ಅವನು ನಮ್ಮೆದುರಿಗೆ ಕಟುವಾಗಿ ಹೇಳಿದನು. ಅದೇ ಯಜಮಾನಿತಿಯು, ಆಮೆಗಳಿಲ್ಲದಿದ್ದರೆ ಗೆರಾಕಾಸ್ ದಂಡೆಯೂ ಇಷ್ಟು ಹೊತ್ತಿಗೆ ಲಗಾನಾಸಿನ ಬೀದಿಯಾಗಿರುತ್ತಿತ್ತು, ನೀವು ಇಷ್ಟು ದೂರದಿಂದ ಬರುತ್ತಿದ್ದಿರೇ, ಎಂದು ಮೈದುನನಿಗೆ ಕೇಳಿಸುವಂತೆಯೇ ನಮ್ಮನ್ನು ಕೇಳಿದರು. ಬರುತ್ತಿರಲಿಲ್ಲವೆಂಬುದೇ ನಮ್ಮ ಉತ್ತರವಾಗಿತ್ತು. ಅವನು ತಲೆಯಾಡಿಸಿ ನಮ್ಮ ಬಟ್ಟಲಿಗೆ ಇನ್ನಷ್ಟು ದ್ರಾಕ್ಷಿ ಹಾಕಿದನು.

ಕಡೆಯ ದಿನಕ್ಕೆ ಮುಂಚೆ ಏಳು ಗಂಟೆಗೆ ಸರಿಯಾಗಿ ಗೆರಾಕಾಸಿಗೆ ಹೋದೆವು. ಜೇಡಿಮಣ್ಣಿನ ಹಳದಿ ಗುಡ್ಡಗಳ ಮೇಲೆ ಬಿಸಿಲು ಆಗತಾನೆ ಬಿದ್ದಿತ್ತು. ಕಡ್ಡಿಗಳಿಂದ ಗುರುತು ಹಾಕಿದ್ದ ಒಂದು ಗೂಡಿನಿಂದ ನೀರಿನವರೆಗೆ ಮರಳಿನ ಮೇಲೆ ಜಾಡುಗಳು ಮೂಡಿದ್ದುವು. ಪುಟ್ಟ ಬಾಚಣಿಗೆಯಿಂದ ಗೀರಿದಂತೆ ಎರಡೆರಡು ಸಾಲು. ರಾತ್ರಿ ಹೋದವುಗಳ ಗುರುತು. ಎಣಿಸಲು ತೊಡಗಿ ನಲವತ್ತರವರೆಗೆ ಎಣಿಸಿದೆವು. ಆಮೇಲೆ ಒಂದಕ್ಕೊಂದು ಹೆಣೆದುಕೊಂಡುದರಿಂದ ಲೆಕ್ಕ ತಪ್ಪಿತು. ಒಂದು ಜಾಡು ಮಾತ್ರ ನೀರಿನ ಕಡೆಗೆ ಹೋಗದೆ ಪಕ್ಕಕ್ಕೆ ತಿರುಗಿ, ಸುತ್ತು ಹಾಕಿ, ಬಹು ದೂರ ಹೋಗಿ, ಕಡೆಗೆ ಕಡಲಿಗೇ ಇಳಿದಿತ್ತು. ಒಂಬತ್ತು ಗಂಟೆಯ ಹೊತ್ತಿಗೆ ಸ್ನಾನಕ್ಕೆ ಬಂದವರ ಹೆಜ್ಜೆಗಳಿಂದ ಆ ಗುರುತುಗಳೆಲ್ಲ ಅಳಿಸಿಹೋದುವು.

ಹೋಗಬಯಸುವ ಗೃಹಸ್ಥರಿಗೆ ಎರಡು ಮಾತು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಬಿಸಿಲೂ ಜನವೂ ವಿಪರೀತ. ಮೇ ತಿಂಗಳಿನಲ್ಲಿ ಹೋದರೆ ಬೆಟ್ಟಗಳ ತುಂಬ ಹೂ. ಸೆಪ್ಟೆಂಬರಿನ ಕೊನೆಗೆ ಹೋದರೆ ಹದವಾದ ನೀರು, ಹೊಸ ದ್ರಾಕ್ಷಿ. ಗದ್ದಲವನ್ನು ಇಷ್ಟಪಡದವರು ಲಗಾನಾಸಿನಲ್ಲಿ ಇಳಿಯದೆ ಪಟ್ಟಣದಲ್ಲಿಯೋ ಪೂರ್ವದ ಹಳ್ಳಿಗಳಲ್ಲಿಯೋ ಇಳಿಯಬೇಕು. ಕೋಟೆ, ವಸ್ತುಸಂಗ್ರಹಾಲಯ, ಕವಿಗಳ ಸಮಾಧಿ, ಕೆರಿಯ ಡಾಂಬರು, ನೀಲಿ ಗವಿಗಳು ಇವನ್ನೆಲ್ಲ ಒಂದು ವಾರದಲ್ಲಿ ಆರಾಮವಾಗಿ ನೋಡಬಹುದು. ಸೆಕಾನಿಯಾವನ್ನು ಮಾತ್ರ ನೋಡಲಾಗುವುದಿಲ್ಲ. ಆರು ದಂಡೆಗಳಲ್ಲಿ ಗೂಡುಗಳು ಅತಿ ದಟ್ಟವಾಗಿರುವುದು ಆ ಸಣ್ಣ ದಂಡೆಯಲ್ಲಿಯೇ. ಆದುದರಿಂದ ಅಲ್ಲಿಗೆ ಹಗಲಾಗಲಿ ರಾತ್ರಿಯಾಗಲಿ ಪ್ರವಾಸಿಗಳಿಗೆ ಪ್ರವೇಶವಿಲ್ಲ.